ಹಳೆ ಕಂಪ್ಯೂಟರ್‌ಗೆ ಲಿನಕ್ಸ್ ಹಾಕುವಾಗ ಎಲ್ಲಿ ನಿಂತಿತು? ದೋಷ ಹುಡುಕುವ ದಾರಿ

ಹಾಸನದಲ್ಲಿರುವ ನಮ್ಮಕ್ಕನ ಮನೆಯ ಕಂಪ್ಯೂಟರ್ 2009ರಲ್ಲಿ ತಂದದ್ದು. ಕೋರ್ 2 ಡ್ಯುಯೋ ಇ7500 ಪ್ರೊಸೆಸರ್, ಒಂದೊಂದು ಜಿಬಿಯ ಎರಡು ಡಿಡಿಆರ್2 ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಒಳಗೆ ವಿಂಡೋಸ್ 7 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತುಬಿಟ್ಟಿತ್ತು. ಅಕ್ಕನ ಮಗಳು ಪಿಯುಸಿ ಓದುತ್ತಾಳೆ. ಪ್ರಾಜೆಕ್ಟ್ ಟೈಪ್ ಮಾಡಲು ಅವಳಿಗೆ ಒಂದು ಕಂಪ್ಯೂಟರ್ ಬೇಕಿತ್ತು. "ಮಾಮ, ಇದನ್ನ ಗುಜರಿಗೆ ಹಾಕೋದೇನಾ?" ಅಂತ ಕೇಳಿದಳು. ಎರಡು ದಿನ ಕೊಡು, ವಿಂಡೋಸ್ ಬದಲು ಲಿನಕ್ಸ್ ಹಾಕಿ ನೋಡ್ತೀನಿ ಅಂದೆ. ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ, ಆದರೆ ಉಚಿತವಾದ ಆಪರೇಟಿಂಗ್ ಸಿಸ್ಟಮ್. ಮೂರು ದಿನ ಹಿಡಿಯಿತು.

ಆ ಮೂರು ದಿನದಲ್ಲಿ ಕಂಡದ್ದನ್ನೂ, ಬೇರೆ ಹಳೆ ಯಂತ್ರಗಳಲ್ಲಿ ನೋಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಸಲ ಲಿನಕ್ಸ್ ಹಾಕುವವರು ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ತಕ್ಷಣ "ಲಿನಕ್ಸ್ ಈ ಕಂಪ್ಯೂಟರ್‌ಗೆ ಆಗಿಬರಲ್ಲ" ಅಂದುಬಿಡುತ್ತಾರೆ. ಹತ್ತರಲ್ಲಿ ಏಳೆಂಟು ಸಲ ತಪ್ಪು ಲಿನಕ್ಸ್‌ನದ್ದಾಗಿರುವುದಿಲ್ಲ. ಹದಿನೈದು ವರ್ಷದಿಂದ ಯಂತ್ರದೊಳಗೆ ಸುಮ್ಮನೆ ಮಲಗಿದ್ದ ದೋಷಗಳು ಆವತ್ತು ಒಟ್ಟಿಗೆ ಎದ್ದು ಕೂತಿರುತ್ತವೆ. ಯಾಕೆಂದರೆ ಇನ್‌ಸ್ಟಾಲ್ ಅನ್ನುವುದು ಯಂತ್ರಕ್ಕೆ ದೊಡ್ಡ ಕೆಲಸ. ಸುಮಾರು 3 ಜಿಬಿಯಷ್ಟು ಒತ್ತಿ ಕಟ್ಟಿದ ಡೇಟಾ ಪೆನ್‌ಡ್ರೈವ್‌ನಿಂದ ಬಂದು, ರ‍್ಯಾಮ್‌ನಲ್ಲಿ ಬಿಚ್ಚಿಕೊಂಡು, ಹಾರ್ಡ್ ಡಿಸ್ಕ್‌ನ ಹೊಸ ಹೊಸ ಜಾಗಕ್ಕೆ ಹೋಗಿ ಕೂರಬೇಕು. ಈ ದಾರಿಯಲ್ಲಿ ಒಂದು ಬಿಟ್ ತಪ್ಪಿದರೂ ಕೆಲಸ ಕೆಡುತ್ತದೆ.

ಹಾಗಾಗಿ ಏನಾದರೂ ಕೈಕೊಟ್ಟಾಗ ನಾನು ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಎಲ್ಲಿ ನಿಂತಿತು? ಇನ್ನೊಂದು ಸಲ ಮಾಡಿದರೆ ಅದೇ ಜಾಗದಲ್ಲೇ ನಿಲ್ಲುತ್ತದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಪರದೆ ಮೇಲೆ ಬಂದ ಎರರ್ ಅನ್ನು ಫೋನಿನಲ್ಲಿ ಫೋಟೋ ತೆಗೆದಿಡಿ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ. ರ‍್ಯಾಮ್, ಪೆನ್‌ಡ್ರೈವ್, ಕೇಬಲ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಸಣ್ಣ ಇಂಗ್ಲಿಷ್ ಅಕ್ಷರ ಬಳಸಿ.

ಶುರು ಮಾಡುವ ಮುಂಚೆ

ಹಾರ್ಡ್ ಡಿಸ್ಕ್‌ನಲ್ಲಿರುವ ಫೋಟೋ, ದಾಖಲೆ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿ. "ಡಿ ಡ್ರೈವ್ ಮುಟ್ಟಲ್ಲ ಬಿಡು" ಅನ್ನುವ ಧೈರ್ಯ ಬೇಡ. ಹಳೆ ಡಿಸ್ಕ್ ಇನ್‌ಸ್ಟಾಲ್ ನಡುವೆಯೇ ಪ್ರಾಣ ಬಿಡಬಹುದು.

ಆಮೇಲೆ ಯಂತ್ರ 32 ಬಿಟ್ಟೋ 64 ಬಿಟ್ಟೋ ನೋಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ವಿಂಡೋಸ್‌ನ ಪ್ರಾಪರ್ಟೀಸ್‌ನಲ್ಲಿ 32 ಬಿಟ್ ಅಂತ ಕಂಡರೆ ಅದು ವಿಂಡೋಸ್‌ನ ಮಾತು, ಪ್ರೊಸೆಸರ್‌ದಲ್ಲ. ಕೋರ್ 2 ಡ್ಯುಯೋ ಎಲ್ಲವೂ 64 ಬಿಟ್ಟೇ. ಆದರೆ ಆ ಕಾಲದಲ್ಲಿ ಅಂಗಡಿಯವರು ಹೆಚ್ಚಾಗಿ 32 ಬಿಟ್ ವಿಂಡೋಸ್ ಹಾಕಿ ಕೊಡುತ್ತಿದ್ದರು. ಅನುಮಾನ ಇದ್ದರೆ 64 ಬಿಟ್ ಲಿನಕ್ಸ್ ಪೆನ್‌ಡ್ರೈವ್ ಹಾಕಿಯೇ ನೋಡಿ. ಪ್ರೊಸೆಸರ್ ನಿಜವಾಗಿ 32 ಬಿಟ್ ಆಗಿದ್ದರೆ "ಈ ಕರ್ನಲ್‌ಗೆ ಎಕ್ಸ್86-64 ಸಿಪಿಯು ಬೇಕು, ಇಲ್ಲಿರುವುದು ಐ686" ಎಂಬ ಅರ್ಥದ ಸಾಲು ಬಂದು ನಿಲ್ಲುತ್ತದೆ. ಹಾಳಾಗುವುದು ಏನೂ ಇಲ್ಲ.

ಉಬುಂಟು, ಡೆಬಿಯನ್, ಮಿಂಟ್ ಅಂತ ಲಿನಕ್ಸ್‌ನಲ್ಲಿ ಹಲವು ಬಗೆ ಇವೆ. ನಿಜಕ್ಕೂ 32 ಬಿಟ್ ಆಗಿದ್ದರೆ ಆಯ್ಕೆ ಕಡಿಮೆ. ಉಬುಂಟು ಅದನ್ನು ಬಿಟ್ಟು ವರ್ಷಗಳಾದವು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೂ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12ಕ್ಕೆ ಇದೆ. ಅಂಥ ಯಂತ್ರವನ್ನು ಟೈಪಿಂಗ್‌ಗೆ, ಹಾಡಿಗೆ ಇಟ್ಟುಕೊಳ್ಳಿ. ಅದರಲ್ಲಿ ಯೂಟ್ಯೂಬ್ ನೋಡುವ ಆಸೆ ಬೇಡ.

ನಾನು ಅಕ್ಕನ ಯಂತ್ರಕ್ಕೆ ಆರಿಸಿಕೊಂಡದ್ದು ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. ಮಿಂಟ್‌ನವರು ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ಒಳ್ಳೆಯದು ಅನ್ನುತ್ತಾರೆ. 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಮೊದಲ ಸಲದವರಿಗೆ ಇದಕ್ಕಿಂತ ಹಗುರವಾದದ್ದನ್ನು ಹುಡುಕಿಕೊಂಡು ಹೋಗುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ತೀರಾ ಹಗುರವಾದದ್ದರಲ್ಲಿ ಪ್ರತಿಯೊಂದನ್ನೂ ಕೈಯಾರೆ ಹೊಂದಿಸಬೇಕಾಗುತ್ತದೆ. ಹೊಸಬರು ಅಲ್ಲೇ ಕೈಚೆಲ್ಲುತ್ತಾರೆ.

ಪೆನ್‌ಡ್ರೈವ್ ಹಾಕಿದರೂ ವಿಂಡೋಸೇ ಬರುತ್ತಿದೆ

ಪೆನ್‌ಡ್ರೈವ್ ತೆರೆದು ನೋಡಿ. ಒಳಗೆ ಒಂದೇ ಒಂದು ಐಎಸ್‌ಒ ಫೈಲ್ (ಡೌನ್‌ಲೋಡ್ ಮಾಡಿದ ಇಡೀ ಲಿನಕ್ಸ್ ಇರುವ ಫೈಲ್) ಕೂತಿದ್ದರೆ ಅದನ್ನು ಹಾಡಿನ ಫೈಲ್ ಹಾಗೆ ಕಾಪಿ ಮಾಡಿದ್ದೀರಿ ಅಂತ ಅರ್ಥ. ಅದು ಬೂಟ್ ಆಗುವುದಿಲ್ಲ, ಅಂದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ರೂಫಸ್ ಅಥವಾ ಎಚರ್ ಎಂಬ ಸಾಫ್ಟ್‌ವೇರ್ ಮೂಲಕ ಬರೆಯಬೇಕು. ಈಗಿನ ರೂಫಸ್ ವಿಂಡೋಸ್ 7ರಲ್ಲಿ ಓಡುವುದಿಲ್ಲ, 3.22ನೇ ಆವೃತ್ತಿಯೇ ಕೊನೆ. ಆದ್ದರಿಂದ ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಮಾಡಿಕೊಳ್ಳುವುದು ಸುಲಭ. ರೂಫಸ್‌ನಲ್ಲಿ ಪಾರ್ಟಿಶನ್ ಸ್ಕೀಮ್ (ಡಿಸ್ಕ್ ಅನ್ನು ಭಾಗ ಮಾಡುವ ರೀತಿ) ಎಂಬಿಆರ್ ಇರಲಿ. ಜಿಪಿಟಿ ಇಟ್ಟರೆ 2009ರ ಬಯೋಸ್‌ಗೆ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಆ ಪೆನ್‌ಡ್ರೈವ್ ಬೂಟ್ ಆಗುವ ವಸ್ತು ಅಂತಲೇ ಅರ್ಥವಾಗದೆ ಇರಬಹುದು.

ಪೆನ್‌ಡ್ರೈವ್ ಸರಿಯಾಗಿದ್ದರೂ ಅಕ್ಕನ ಮನೆಯಲ್ಲಿ ವಿಂಡೋಸೇ ಬಂತು. ಬಯೋಸ್‌ಗೆ ಹೋಗಿ ಬೂಟ್ ಪ್ರಯಾರಿಟಿ ನೋಡಿದೆ. ಫಸ್ಟ್ ಡಿವೈಸ್ ಅಂತ "ರಿಮೂವಬಲ್" ಇಟ್ಟಿದ್ದೆ. ಪೆನ್‌ಡ್ರೈವ್ ಅಂದರೆ ರಿಮೂವಬಲ್ ತಾನೇ ಅಂದುಕೊಂಡೆ. ಆ ಕಾಲದ ಬಯೋಸ್ ಹಾಗೆ ಅಂದುಕೊಳ್ಳುವುದಿಲ್ಲ. ಅದಕ್ಕೆ ರಿಮೂವಬಲ್ ಅಂದರೆ ಫ್ಲಾಪಿ. ಪೆನ್‌ಡ್ರೈವ್ ಅನ್ನು ಅದು ಹಾರ್ಡ್ ಡಿಸ್ಕ್ ಅಂತ ಲೆಕ್ಕ ಹಾಕುತ್ತದೆ.

ಹಾಗಾಗಿ ಬೂಟ್ ಮೆನುವಿನೊಳಗೆ "ಹಾರ್ಡ್ ಡಿಸ್ಕ್ ಡ್ರೈವ್ಸ್" ಅನ್ನುವ ಇನ್ನೊಂದು ಒಳಮನೆ ಇರುತ್ತದೆ. ಎಂಟರ್ ಒತ್ತಿ ಅದರೊಳಗೆ ಹೋದರೆ ಎರಡು ಹೆಸರು ಕಾಣುತ್ತವೆ. ಒಂದು ನಿಮ್ಮ ಡಿಸ್ಕ್, ಇನ್ನೊಂದು ಯುಎಸ್‌ಬಿ ಅಂತ ಶುರುವಾಗುವ ಹೆಸರು. ಯುಎಸ್‌ಬಿಯನ್ನು ಮೇಲಕ್ಕೆ ತನ್ನಿ. ಆಮೇಲೆ ಎಫ್10 ಒತ್ತಿ ಸೇವ್ ಮಾಡಿ. ಮುಖ್ಯವಾದದ್ದು: ಬಯೋಸ್‌ಗೆ ಹೋಗುವ ಮುಂಚೆಯೇ ಪೆನ್‌ಡ್ರೈವ್ ಚುಚ್ಚಿರಬೇಕು. ಇಲ್ಲದಿದ್ದರೆ ಆ ಹೆಸರೇ ಪಟ್ಟಿಯಲ್ಲಿ ಕಾಣುವುದಿಲ್ಲ. ಈ ಒಳಮನೆ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಇನ್ನೊಂದು ತೊಂದರೆ ತಂದಿಟ್ಟಿತು.

ಪೆನ್‌ಡ್ರೈವ್ ಅನ್ನು ಕ್ಯಾಬಿನೆಟ್‌ನ ಹಿಂದಿನ ಪೋರ್ಟ್‌ಗೇ ಹಾಕಿ. ಮುಂದಿನ ಪೋರ್ಟ್‌ಗಳಿಗೆ ಒಳಗಿಂದ ಒಂದು ತೆಳು ವಯರ್ ಬಂದಿರುತ್ತದೆ. ವರ್ಷಗಟ್ಟಲೆ ಎಳೆದಾಡಿ ಅದು ಸಡಿಲವಾಗಿರುತ್ತದೆ.

ಕಪ್ಪು ಪರದೆಯಲ್ಲಿ ಮೂಲೆಯಲ್ಲೊಂದು ಗೆರೆ ಮಿನುಗುತ್ತಾ ಕೂತಿದ್ದರೆ, ಬಯೋಸ್ ಪೆನ್‌ಡ್ರೈವ್ ತನಕ ಬಂದಿದೆ, ಆದರೆ ಓದಲು ಆಗಿಲ್ಲ. ರೂಫಸ್‌ನಲ್ಲಿ ಇನ್ನೊಮ್ಮೆ ಬರೆಯಿರಿ. ಈ ಸಲ ಅದು ಕೇಳಿದಾಗ ಡಿಡಿ ಮೋಡ್ ಆರಿಸಿ. ಅದಕ್ಕೂ ಆಗದಿದ್ದರೆ ಬೇರೆ ಪೆನ್‌ಡ್ರೈವ್ ತನ್ನಿ.

ಮೆನು ಬಂತು, ಆಮೇಲೆ ಪರದೆ ಕಪ್ಪಾಯಿತು

ಮೊದಲು ಕಾಯಿರಿ. ಯುಎಸ್‌ಬಿ 2 ಪೋರ್ಟು, ಹಳೆ ಪೆನ್‌ಡ್ರೈವು ಅಂದರೆ ಐದು ನಿಮಿಷ ಏನೂ ಕಾಣದಿರುವುದು ದೊಡ್ಡ ವಿಷಯ ಅಲ್ಲ.

ಐದು ನಿಮಿಷ ಆದಮೇಲೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಬದುಕಿದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ದೀಪ ಅಲುಗದಿದ್ದರೆ ಯಂತ್ರವೇ ಹೆಪ್ಪುಗಟ್ಟಿದೆ. ಈ ಸಣ್ಣ ಪರೀಕ್ಷೆ ಬಹಳ ಸಮಯ ಉಳಿಸುತ್ತದೆ.

ಚಿತ್ರದ ತೊಂದರೆ ಆದರೆ ರೀಸ್ಟಾರ್ಟ್ ಮಾಡಿ, ಮಿಂಟ್ ಮೆನುವಿನಲ್ಲಿ "ಕಂಪ್ಯಾಟಿಬಿಲಿಟಿ ಮೋಡ್" ಆರಿಸಿ. ಅದು ಗ್ರಾಫಿಕ್ಸ್ ಚಿಪ್ ಜೊತೆ ಜಾಸ್ತಿ ಹೊಡೆದಾಡದೆ ಸರಳ ಚಿತ್ರ ತೋರಿಸುತ್ತದೆ. ಇನ್‌ಸ್ಟಾಲ್ ಆದಮೇಲೂ ಹೀಗೇ ಆದರೆ, ಕಂಪ್ಯೂಟರ್ ಆನ್ ಆಗುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಲಿನಕ್ಸ್ ಅನ್ನು ಶುರುಮಾಡಿಸುವ ಗ್ರಬ್ ಎಂಬ ಬೂಟ್ ಲೋಡರ್‌ನ ಮೆನು ಬರುತ್ತದೆ. ಮೊದಲ ಸಾಲಿನ ಮೇಲೆ ಇ ಕೀ ಒತ್ತಿ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಉದ್ದ ಸಾಲು ಹುಡುಕಿ. ಅದರ ಕೊನೆಯ ಹತ್ತಿರ ಕ್ವಯಟ್ ಸ್ಪ್ಲ್ಯಾಶ್ ಅಂತ ಎರಡು ಪದ ಇರುತ್ತವೆ. ಅವನ್ನು ಅಳಿಸಿ ಆ ಜಾಗದಲ್ಲಿ ನೋಮೋಡ್‌ಸೆಟ್ ಅಂತ ಬರೆಯಿರಿ. ನೋ, ಮೋಡ್, ಸೆಟ್, ಮೂರೂ ಸೇರಿ ಒಂದೇ ಪದ, ನಡುವೆ ಜಾಗ ಇಲ್ಲ. ಎಫ್10 ಒತ್ತಿದರೆ ಬೂಟ್ ಆಗುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ. ಕಾಯಂ ಆಗಬೇಕಾದರೆ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್‌ನಲ್ಲಿ ಅದೇ ಬದಲಾವಣೆ ಮಾಡಿ "ಸುಡೊ ಅಪ್‌ಡೇಟ್-ಗ್ರಬ್" ಕೊಡಬೇಕು.

ಯಂತ್ರದಲ್ಲಿ ಬೇರೆ ಹಳೆ ಗ್ರಾಫಿಕ್ಸ್ ಕಾರ್ಡ್ ಇದ್ದು, ಮದರ್‌ಬೋರ್ಡ್‌ಗೂ ತನ್ನದೇ ವಿಜಿಎ ಪೋರ್ಟ್ ಇದ್ದರೆ, ಕಾರ್ಡ್ ಬಿಚ್ಚಿಟ್ಟು ಬೋರ್ಡಿನ ಪೋರ್ಟಿಗೇ ಮಾನಿಟರ್ ಹಾಕಿ ನೋಡಿ. ಟೈಪಿಂಗ್, ಇಂಟರ್ನೆಟ್‌ಗೆ ಆ ಕಾರ್ಡ್‌ನಿಂದ ಅಂಥ ಲಾಭವೇನೂ ಇಲ್ಲ.

ಇನ್‌ಸ್ಟಾಲ್ ನಡುವೆ ನಿಲ್ಲುತ್ತಿದೆ

ನನ್ನ ಒಂದು ಇಡೀ ದಿನ ಹೋದದ್ದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಸಲ ಫೈಲ್ ಕಾಪಿ ಅರ್ಧ ಆದಾಗ "ಎರ್‌ನೋ 5, ಇನ್‌ಪುಟ್ ಔಟ್‌ಪುಟ್ ಎರರ್" ಅಂತ ಬಂತು. ಅದರ ಕೆಳಗೇ ಡಿಸ್ಕ್ ಅಥವಾ ಡ್ರೈವ್ ಕೆಟ್ಟಿರಬಹುದು ಅಂತ ಬರೆದಿರುತ್ತದೆ. ನಂಬಿದೆ. ಪೆನ್‌ಡ್ರೈವ್ ಬದಲಾಯಿಸಿದೆ. ಎರಡನೇ ಸಲ ಲೈವ್ ಪರದೆ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬರುವ ಮುಂಚೆಯೇ ಸ್ಕ್ವಾಶ್‌ಎಫ್‌ಎಸ್ ಎರರ್ ಅಂತ, ಅಂದರೆ ಒತ್ತಿ ಕಟ್ಟಿದ ಡೇಟಾ ಓದಲಾಗಲಿಲ್ಲ ಅಂತ, ಸಾಲು ಸಾಲಾಗಿ ಬಂದವು. ಮೂರನೇ ಸಲ ಏನೂ ಹೇಳದೆ 80 ಪರ್ಸೆಂಟ್ ಹತ್ತಿರ ಹೆಪ್ಪುಗಟ್ಟಿತು. ಮೌಸ್ ಬಾಣ ಪರದೆಯ ನಡುವೆ ನಿಂತಿತ್ತು, ಕ್ಯಾಪ್ಸ್ ಲಾಕ್ ದೀಪ ಅಲುಗಲಿಲ್ಲ.

ಮೂರು ಸಲ, ಮೂರು ಬೇರೆ ಜಾಗ. ಆಗ ಹೊಳೆಯಿತು.

ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಫೈಲ್ ಹತ್ತಿರ ನಿಂತರೆ ಅನುಮಾನ ಪೆನ್‌ಡ್ರೈವ್ ಮೇಲೆ, ಐಎಸ್‌ಒ ಫೈಲ್ ಮೇಲೆ, ಇಲ್ಲವೇ ಹಾರ್ಡ್ ಡಿಸ್ಕ್ ಮೇಲೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಅನುಮಾನ ರ‍್ಯಾಮ್ ಮೇಲೆ, ಬಿಸಿ ಮೇಲೆ, ಪವರ್ ಸಪ್ಲೈ ಮೇಲೆ. ಕೆಟ್ಟ ಡಿಸ್ಕ್‌ನಲ್ಲಿ ಕೆಟ್ಟ ಜಾಗ ಕದಲುವುದಿಲ್ಲ. ರ‍್ಯಾಮ್‌ನಲ್ಲಿ ಕೆಟ್ಟ ಜಾಗಕ್ಕೆ ಆವತ್ತು ಯಾವ ಡೇಟಾ ಬಂದು ಬೀಳುತ್ತದೋ ಹೇಳಲಾಗುವುದಿಲ್ಲ. ಅದಕ್ಕೇ ದೋಷ ದಿನಕ್ಕೊಂದು ವೇಷ ಹಾಕುತ್ತದೆ.

ಐಎಸ್‌ಒ ಸರಿಯಾಗಿದೆಯಾ ಅಂತ ನೋಡುವುದು ಸುಲಭ. ಮಿಂಟ್ ಪುಟದಲ್ಲಿ ಪ್ರತಿ ಫೈಲಿಗೂ ಎಸ್‌ಎಚ್‌ಎ256 ಅನ್ನುವ 64 ಅಕ್ಷರದ ಸಂಖ್ಯೆ ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಕಮಾಂಡ್‌ನಿಂದ, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ ಕಮಾಂಡ್‌ನಿಂದ ನಿಮ್ಮ ಫೈಲ್‌ನ ಸಂಖ್ಯೆ ತೆಗೆದು ಹೋಲಿಸಿ. ಒಂದಕ್ಷರ ವ್ಯತ್ಯಾಸ ಇದ್ದರೂ ಮತ್ತೆ ಡೌನ್‌ಲೋಡ್ ಮಾಡಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸಂಖ್ಯೆ ಸರಿಯಾಗಿ ಕೂತಿತು. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಅದೇ ಐಎಸ್‌ಒ ಹಾಕಿ, ಅಕ್ಕನ ಕಂಪ್ಯೂಟರ್‌ನಲ್ಲಿ ಲೈವ್ ಆಗಿ ಬೂಟ್ ಆದ ಒಂದು ಸಲ ಅಲ್ಲೇ ಸಂಖ್ಯೆ ತೆಗೆದೆ. ತಪ್ಪು ಬಂತು. ಮತ್ತೆ ತೆಗೆದೆ. ಈ ಸಲ ಬೇರೆಯೇ ತಪ್ಪು ಬಂತು. ಒಂದೇ ಫೈಲಿಗೆ ಒಂದೇ ಯಂತ್ರ ಎರಡು ಉತ್ತರ ಕೊಟ್ಟರೆ ಆ ಯಂತ್ರದ ನೆನಪಿನ ಶಕ್ತಿ ಕೆಟ್ಟಿದೆ ಅಂತಲೇ ಅಲ್ವಾ?

ಖಚಿತ ಮಾಡಿಕೊಳ್ಳಲು ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಇದೆ. ಮಿಂಟ್‌ನ ಬೂಟ್ ಮೆನುವಿನಲ್ಲಿ ಮೆಮೊರಿ ಟೆಸ್ಟ್ ಅಂತ ಕಂಡರೆ ಅದನ್ನೇ ಓಡಿಸಿ. ಇಲ್ಲದಿದ್ದರೆ ಬೇರೆ ಪೆನ್‌ಡ್ರೈವ್‌ಗೆ ಬರೆದುಕೊಳ್ಳಿ. ಕನಿಷ್ಠ ಒಂದು ಪಾಸ್ (ಪರೀಕ್ಷೆಯ ಒಂದು ಸುತ್ತು) ಪೂರ್ತಿ ಮುಗಿಯಲಿ. 2 ಜಿಬಿಗೂ ತಾಸುಗಟ್ಟಲೆ ಆಗಬಹುದು. ರಾತ್ರಿ ಬಿಟ್ಟು ಮಲಗುವುದು ವಾಸಿ. ಕೆಂಪು ಸಾಲು ಒಂದೇ ಒಂದು ಬಂದರೂ ಆ ರ‍್ಯಾಮ್ ನಂಬುವ ಹಾಗಿಲ್ಲ. "ಒಂದೇ ಎರರ್ ಅಲ್ವಾ, ಪರವಾಗಿಲ್ಲ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮದರಲ್ಲಿ ಇಪ್ಪತ್ತು ನಿಮಿಷದೊಳಗೇ ಪರದೆ ಕೆಂಪಾಯಿತು.

ಎಸೆಯುವ ಮುಂಚೆ ಒಂದು ಕೆಲಸ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಬರಿ ಲೋಹವನ್ನು ಒಂದು ಸಲ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ರ‍್ಯಾಮ್‌ನ ಎರಡೂ ತುದಿಯ ಕ್ಲಿಪ್ ಹೊರಗೆ ಒತ್ತಿದರೆ ಅದು ಎದ್ದುಬರುತ್ತದೆ. ಅಂಚಿನಲ್ಲಿ ಚಿನ್ನದ ಬಣ್ಣದ ಗೆರೆಗಳಿವೆ. ಹದಿನೈದು ವರ್ಷದ ಧೂಳು, ತೇವಕ್ಕೆ ಅವು ಮಂಕಾಗಿರುತ್ತವೆ. ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಎಷ್ಟೋ ಯಂತ್ರ ಇಷ್ಟಕ್ಕೇ ಸರಿಹೋಗುತ್ತವೆ. ನಮ್ಮದು ಹೋಗಲಿಲ್ಲ. ಒಂದೊಂದೇ ರ‍್ಯಾಮ್ ಹಾಕಿ ಪರೀಕ್ಷೆ ಮಾಡಿದೆ. ಒಂದು ಎರಡೂ ಸ್ಲಾಟ್‌ನಲ್ಲಿ ಪಾಸ್ ಆಯಿತು. ಇನ್ನೊಂದು ಎರಡರಲ್ಲೂ ಫೇಲ್. ಹಾಗಾಗಿ ಸ್ಲಾಟ್‌ನ ತಪ್ಪಲ್ಲ, ಆ ರ‍್ಯಾಮ್‌ದೇ ತಪ್ಪು. ಸ್ಲಾಟ್ ಬದಲಾಯಿಸಿ ನೋಡದೆ ಅಂಗಡಿಗೆ ಓಡಬೇಡಿ.

ಅಂಗಡಿಗೆ ಹೋಗುವಾಗ ಹಳೆ ರ‍್ಯಾಮ್ ಜೊತೆಗೇ ತೆಗೆದುಕೊಂಡು ಹೋಗಿ. ಡಿಡಿಆರ್2, ಡಿಡಿಆರ್3 ಎರಡರ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಸ್ಲಾಟ್‌ಗೆ ಇನ್ನೊಂದು ಹೋಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಡಿಡಿಆರ್2 ಸೆಕೆಂಡ್ ಹ್ಯಾಂಡ್ ಹುಡುಕಬಹುದು. ಬೋರ್ಡ್ ಎಷ್ಟು ತೆಗೆದುಕೊಳ್ಳುತ್ತದೆ ಅಂತಲೂ ನೋಡಿಕೊಳ್ಳಿ. ಅಕ್ಕನದು ಜಿ31 ಚಿಪ್‌ಸೆಟ್, ಅದಕ್ಕೆ 4 ಜಿಬಿಯೇ ಗರಿಷ್ಠ. ನಾನು 2 ಜಿಬಿಯ ಎರಡನ್ನು ತರಿಸಿ ಹಾಕಿದೆ. ಇನ್‌ಸ್ಟಾಲ್ ಒಂದೇ ಓಟದಲ್ಲಿ ಮುಗಿಯಿತು.

ರ‍್ಯಾಮ್ ಪಾಸ್ ಆಗಿಯೂ ಹೀಗೇ ಆಗುತ್ತಿದ್ದರೆ ಕ್ಯಾಬಿನೆಟ್ ಒಳಗೆ ಟಾರ್ಚ್ ಬಿಡಿ. ಪ್ರೊಸೆಸರ್ ಫ್ಯಾನ್ ಕೆಳಗೆ ಧೂಳು ಹಾಸಿಗೆ ಹಾಗೆ ಕೂತಿದೆಯಾ? ಪಕ್ಕದಲ್ಲಿ ಸಣ್ಣ ಡಬ್ಬಿ ಥರ ನಿಂತಿರುವ ಕೆಪಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಬೋರ್ಡ್ ರಿಪೇರಿ ಮಾಡುವವರಿಗೆ ತೋರಿಸಿ.

ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಇದ್ದರೆ

ಲೈವ್ ಪರದೆಯಲ್ಲೇ ಡಿಸ್ಕ್ಸ್ ಅನ್ನುವ ಆ್ಯಪ್ ಇದೆ. ಡಿಸ್ಕ್ ಆರಿಸಿ, ಮೆನುವಿನಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ತೆರೆಯಿರಿ. ಉದ್ದ ಪಟ್ಟಿ ನೋಡಿ ಗಾಬರಿ ಬೇಡ, ಮೂರು ಸಾಲು ಸಾಕು. 5ನೇ ಸಂಖ್ಯೆಯ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟದ್ದಕ್ಕೆ ಬದಲಿ ಕೊಟ್ಟ ಜಾಗಗಳು), 197ನೇ ಸಂಖ್ಯೆಯ ಪೆಂಡಿಂಗ್ ಸೆಕ್ಟರ್ (ಕೆಟ್ಟಿರುವ ಅನುಮಾನ ಇರುವ ಜಾಗಗಳು), ಇವೆರಡೂ ಸೊನ್ನೆ ಇರಬೇಕು. ಪೆಂಡಿಂಗ್ ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಬೇಡಿ. 199ನೇ ಸಾಲಿನ ಸಿಆರ್‌ಸಿ ಎರರ್ ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ಅದನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಾಯಿಸಿ. ಆ ಸಣ್ಣ ಕೇಬಲ್‌ನಿಂದ ಒಳ್ಳೆ ಡಿಸ್ಕ್‌ಗೂ ಕೆಟ್ಟ ಹೆಸರು ಬರುತ್ತದೆ.

ಪೆನ್‌ಡ್ರೈವ್ ತೆಗೆದರೆ ಬೂಟ್ ಆಗಲ್ಲ

ಇನ್‌ಸ್ಟಾಲ್ ಮುಗಿಯಿತು, ಪೆನ್‌ಡ್ರೈವ್ ತೆಗೆದೆ, ಆನ್ ಮಾಡಿದೆ. "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಅಂತ ಬಂತು. ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಮಿಂಟ್ ಚೆನ್ನಾಗಿ ಬಂತು, ಅದೂ ಹಾರ್ಡ್ ಡಿಸ್ಕ್‌ನಲ್ಲಿ ಹಾಕಿದ್ದ ಮಿಂಟೇ. ಅಕ್ಕನ ಮಗಳು "ಪೆನ್‌ಡ್ರೈವ್ ಯಾವಾಗಲೂ ಹಾಕೇ ಇಟ್ಟಿರಬೇಕಾ ಮಾಮ?" ಅಂದಳು. ಬೇಕಿಲ್ಲ.

ಆಗಿರುವುದು ಇಷ್ಟು. ಬಯೋಸ್‌ನ ಒಳಮನೆಯಲ್ಲಿ ಪೆನ್‌ಡ್ರೈವ್ ಅನ್ನು ಹಾರ್ಡ್ ಡಿಸ್ಕ್‌ಗಳ ಸಾಲಿನಲ್ಲಿ ಮೊದಲಿಗೆ ಇಟ್ಟಿದ್ದೆ. ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಇಡುತ್ತದೆ. ಈ ಸಲ ಎಸ್‌ಡಿಎ ಆದದ್ದು ಪೆನ್‌ಡ್ರೈವ್. ಡಿ ಡ್ರೈವ್ ಉಳಿಸಿಕೊಳ್ಳಲು ನಾನು ಇನ್‌ಸ್ಟಾಲರ್‌ನಲ್ಲಿ "ಸಮ್‌ಥಿಂಗ್ ಎಲ್ಸ್" ಆರಿಸಿದ್ದೆ. ಆ ಪುಟದ ತೀರಾ ಕೆಳಗೆ, ಬೂಟ್ ಲೋಡರ್ ಎಲ್ಲಿ ಹಾಕಬೇಕು ಅಂತ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದು ತಾನಾಗೇ ಎಸ್‌ಡಿಎ ತೋರಿಸುತ್ತಿತ್ತು. ಹಾಗೇ ಬಿಟ್ಟೆ. ಗ್ರಬ್ ಹೋಗಿ ಪೆನ್‌ಡ್ರೈವ್‌ನಲ್ಲಿ ಕೂತಿತು. ಕೆಲವೊಮ್ಮೆ ಪೆನ್‌ಡ್ರೈವ್‌ನಲ್ಲಿ ಕೂರಲೂ ಆಗದೆ, ಕೊನೆ ಹಂತದಲ್ಲಿ ಗ್ರಬ್ ಹಾಕಲು ಆಗಲಿಲ್ಲ ಅನ್ನುವ ಫೇಟಲ್ ಎರರ್ ಬರುತ್ತದೆ. ಕಾರಣ ಇದೇ.

ಸರಿಮಾಡಲು ಮತ್ತೆ ಇನ್‌ಸ್ಟಾಲ್ ಬೇಕಿಲ್ಲ. ಪೆನ್‌ಡ್ರೈವ್ ಹಾಕಿ ಹಾರ್ಡ್ ಡಿಸ್ಕ್‌ನ ಮಿಂಟ್‌ಗೆ ಬನ್ನಿ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಎಲ್‌ಎಸ್‌ಬಿಎಲ್‌ಕೆ ಅಂತ ಕೊಡಿ. ಡಿಸ್ಕ್‌ಗಳ ಹೆಸರು, ಗಾತ್ರ ಬರುತ್ತದೆ. 320 ಜಿಬಿ ಡಿಸ್ಕ್ ಇಲ್ಲಿ 298 ಅಂತ ಕಾಣುತ್ತದೆ, 8 ಜಿಬಿ ಪೆನ್‌ಡ್ರೈವ್ 7 ಚಿಲ್ಲರೆ. ಹೆಸರು ನೋಡಬೇಡಿ, ಗಾತ್ರ ನೋಡಿ. ನಮ್ಮಲ್ಲಿ 298 ಇದ್ದದ್ದು ಎಸ್‌ಡಿಬಿ. ಹಾಗಾಗಿ "ಸುಡೊ ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಬಿ" ಕೊಟ್ಟು, ಆಮೇಲೆ "ಸುಡೊ ಅಪ್‌ಡೇಟ್-ಗ್ರಬ್" ಕೊಟ್ಟೆ. ಎಸ್‌ಡಿಬಿ ಮುಂದೆ 1, 2 ಅನ್ನುವ ಸಂಖ್ಯೆ ಹಾಕಬಾರದು. ಸಂಖ್ಯೆ ಅಂದರೆ ಪಾರ್ಟಿಶನ್, ನಮಗೆ ಬೇಕಾದ್ದು ಇಡೀ ಡಿಸ್ಕ್. ಆಫ್ ಮಾಡಿ, ಪೆನ್‌ಡ್ರೈವ್ ಕಿತ್ತು, ಬಯೋಸ್‌ನ ಒಳಮನೆಯಲ್ಲಿ ಹಾರ್ಡ್ ಡಿಸ್ಕ್ ಅನ್ನು ಮತ್ತೆ ಮೇಲಕ್ಕೆ ತಂದೆ. ಬೂಟ್ ಆಯಿತು.

ನಿನ್ನೆ ಸರಿ ಇತ್ತು, ಇವತ್ತು ಇಲ್ಲ

ಮೂರನೇ ದಿನ ಬೆಳಗ್ಗೆ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ "ಸಿಮಾಸ್ ಚೆಕ್‌ಸಮ್ ಬ್ಯಾಡ್, ಎಫ್1 ಒತ್ತಿ" ಅಂತ ನಿಂತಿತ್ತು. ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು. ಎಲ್ಲಿ ನಿಂತಿತು ಅಂದರೆ ಬಯೋಸ್‌ನಲ್ಲೇ. ಒಳಗೆ ಹೋಗಿ ನೋಡಿದರೆ ವರ್ಷ 2009. ನಾನು ಹೊಂದಿಸಿದ್ದೆಲ್ಲಾ ಹಳೆ ಸ್ಥಿತಿಗೆ ಮರಳಿತ್ತು.

ಕಾರಣ ಮದರ್‌ಬೋರ್ಡ್ ಮೇಲಿರುವ ನಾಣ್ಯದ ಥರದ ಬ್ಯಾಟರಿ, ಸಿಆರ್2032. ರಾತ್ರಿ ಅಕ್ಕ ಗೋಡೆಯ ಸ್ವಿಚ್ ಆಫ್ ಮಾಡಿದ್ದಳು. ಗೋಡೆಯ ಕರೆಂಟ್ ಇದ್ದಷ್ಟು ಹೊತ್ತು ಬಯೋಸ್‌ಗೆ ಬ್ಯಾಟರಿ ಬೇಕಿಲ್ಲ. ಕರೆಂಟ್ ಪೂರ್ತಿ ಹೋದರೆ ಗಡಿಯಾರ, ಸೆಟ್ಟಿಂಗ್ ಎರಡನ್ನೂ ಅದೇ ಕಾಯಬೇಕು. ಹೊಸ ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿ, ಬಯೋಸ್‌ನಲ್ಲಿ ತಾರೀಖು ಸರಿಮಾಡಿದರೆ ಮುಗಿಯಿತು.

ಈ ಬ್ಯಾಟರಿ ಸತ್ತಿದ್ದರೆ ಇನ್ನೊಂದು ಕಡೆಯೂ ಕಾಟ ಕೊಡುತ್ತದೆ. ತಾರೀಖು ಹಿಂದಿದ್ದರೆ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ, ಸರ್ಟಿಫಿಕೇಟ್ ಎರರ್ ಅನ್ನುತ್ತದೆ. ಅಪ್‌ಡೇಟ್ ಮಾಡಲು ಹೋದರೆ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅನ್ನುತ್ತದೆ. ನೆಟ್ ಸಿಕ್ಕಮೇಲೆ ಲಿನಕ್ಸ್ ಸಾಮಾನ್ಯವಾಗಿ ಸಮಯವನ್ನು ತಾನೇ ಸರಿಮಾಡಿಕೊಳ್ಳುವುದರಿಂದ ಈ ದೋಷ ಬರುತ್ತಾ ಹೋಗುತ್ತಾ ಇರುತ್ತದೆ. ಜನ ನೆಟ್‌ವರ್ಕ್‌ನವರನ್ನು ಬೈಯುತ್ತಾರೆ. ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಮಾತ್ರ ಬ್ಯಾಟರಿ ತೆಗೆಯಲು ಹೋಗಬೇಡಿ. ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಬರುವ ತೊಂದರೆ ಅದು. ವಿಂಡೋಸ್ ಬಯೋಸ್ ಗಡಿಯಾರದಲ್ಲಿ ನಮ್ಮ ಸಮಯ ಇಡುತ್ತದೆ, ಲಿನಕ್ಸ್ ಗ್ರೀನಿಚ್ ಲೆಕ್ಕ ಇಡುತ್ತದೆ. ಲಿನಕ್ಸ್‌ನಲ್ಲಿ "ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1" ಕೊಟ್ಟರೆ ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ.

ನೆಟ್, ನಿಧಾನ, ಕನ್ನಡ

ವೈಫೈ ಕಾಣದಿದ್ದರೆ ತಲೆ ಕೆಡಿಸಿಕೊಳ್ಳುವ ಮುಂಚೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ವಯರ್ ನೆಟ್ ಅಂತ ಕೂಡಲೇ ಹಿಡಿಯುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಹಳೆ ಬ್ರಾಡ್‌ಕಾಮ್ ಥರದ ಕಾರ್ಡ್‌ಗಳಿಗೆ ಬೇಕಾದದ್ದನ್ನು ಅದೇ ತೋರಿಸುತ್ತದೆ. ಲ್ಯಾಪ್‌ಟಾಪ್ ಆದರೆ ಬದಿಯಲ್ಲಿ ವೈಫೈ ಸ್ವಿಚ್ ಇದೆಯಾ ನೋಡಿ.

ತುಂಬಾ ನಿಧಾನ ಅನಿಸಿದರೆ ಡಿಸ್ಕ್ ಕೆಲಸ ಮಾಡುವಾಗ ಮಿನುಗುವ, ಕ್ಯಾಬಿನೆಟ್ ಮುಂದಿನ ಕೆಂಪು ದೀಪ ನೋಡಿ. ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್ ತೆರೆದಾಗ ಆ ದೀಪ ಬಿಡದೆ ಉರಿಯುತ್ತಿದ್ದರೆ ರ‍್ಯಾಮ್ ಸಾಲದೆ ಲಿನಕ್ಸ್ ಡಿಸ್ಕ್ ಅನ್ನೇ ರ‍್ಯಾಮ್ ಥರ ಬಳಸುತ್ತಿದೆ. ಫ್ರೀ -ಎಚ್ ಕಮಾಂಡ್‌ನಲ್ಲಿ ಸ್ವಾಪ್ ಸಾಲು ನೋಡಿದರೆ ಖಚಿತವಾಗುತ್ತದೆ. ದುಡ್ಡು ಸ್ವಲ್ಪವೇ ಇದ್ದರೆ 2 ಜಿಬಿ ಯಂತ್ರಕ್ಕೆ ಮೊದಲು ರ‍್ಯಾಮ್ ಹಾಕಿಸಿ, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್) ಆಮೇಲೆ. 4 ಜಿಬಿ ಇದ್ದವರು ಮೊದಲು ಎಸ್‌ಎಸ್‌ಡಿ ಹಾಕಿಸಿ.

ಕನ್ನಡ ಟೈಪಿಂಗ್‌ಗೆ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಪ್ಯಾಕೇಜ್‌ಗಳನ್ನು ಹಾಕಿಕೊಳ್ಳಿ. ಪಟ್ಟಿಯಲ್ಲಿ ಕೆಜಿಪಿ ಅಂತ ಕಾಣುತ್ತದೆ. ನುಡಿಯಲ್ಲಿ ಟೈಪ್ ಮಾಡಿ ರೂಢಿ ಇರುವವರಿಗೆ ಅದೇ ಕೈಗೆ ಕೂರುತ್ತದೆ. ಅಕ್ಷರದ ಬದಲು ಚೌಕ ಕಂಡರೆ ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜ್ ಹಾಕಿ, ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಒಟ್ಟಿಗೆ ಬರುತ್ತವೆ.

ಚೌಕದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಚಿಹ್ನೆ ಕಲಸಿದ ಹಾಗೆ ಕಂಡರೆ ಅದು ಬೇರೆ ದೋಷ. ಡಿ ಡ್ರೈವ್‌ನಲ್ಲಿ ನಮ್ಮ ಭಾವ 2010ರಲ್ಲಿ ಟೈಪ್ ಮಾಡಿಟ್ಟಿದ್ದ ಫೈಲ್‌ಗಳಿದ್ದವು. ಲಿಬ್ರೆಆಫೀಸ್‌ನಲ್ಲಿ ತೆರೆದರೆ ಒಂದಕ್ಷರ ಓದಲಾಗಲಿಲ್ಲ. "ಫೈಲೆಲ್ಲಾ ಹಾಳಾಗಿಹೋಯ್ತಾ?" ಅಂತ ಅಕ್ಕ ಹೆದರಿದಳು. ಹಾಳಾಗಿರಲಿಲ್ಲ. ಹಳೆ ನುಡಿ, ಬರಹ ಫೈಲ್‌ಗಳು ಹೆಚ್ಚಾಗಿ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗೂ ಈಗ ಬಳಸುವ ಅಕ್ಷರ ಸಂಕೇತ) ಇರುವುದಿಲ್ಲ. ಒಳಗೆ ಇಂಗ್ಲಿಷ್ ಸಂಕೇತ, ಮೇಲೆ ಕನ್ನಡ ಆಕಾರದ ಫಾಂಟ್. ಆ ಫಾಂಟ್ ಇಲ್ಲದ ಕಡೆ ಒಳಗಿನ ಸಂಕೇತ ಹಾಗೇ ಕಾಣುತ್ತದೆ. ಹಳೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ತೆಗೆದಿಟ್ಟಿದ್ದೆ. ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಡಾಟ್ ಫಾಂಟ್ಸ್ ಎಂಬ ಫೋಲ್ಡರ್ ಮಾಡಿ ಅದರೊಳಗೆ ಹಾಕಿದೆ. ಲಿಬ್ರೆಆಫೀಸ್ ಮುಚ್ಚಿ ತೆರೆದಾಗ ಮೊದಲ ಪುಟದಲ್ಲಿ ಗೃಹಪ್ರವೇಶದ ಆಮಂತ್ರಣ ಕಂಡಿತು, ಒತ್ತಕ್ಷರ ಸಮೇತ.

ಹೊಸದಾಗಿ ತಿದ್ದಬೇಕಾದ ಫೈಲ್‌ಗಳನ್ನು ಮಾತ್ರ ಆಸ್ಕಿಯಿಂದ (ಆ ಹಳೆ ಇಂಗ್ಲಿಷ್ ಸಂಕೇತ) ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕದಲ್ಲಿ ಹಾಕಿ ಬದಲಾಯಿಸಿಕೊಳ್ಳಿ. ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದು ಸಲ ಕಣ್ಣಾಡಿಸಿ. ಅಲ್ಲೊಂದು ಇಲ್ಲೊಂದು ತಪ್ಪುವುದು ಅವೇ.